ಉತ್ತರ ಬಾರದ ಕೋರಿಕೆ

ಮೊಬೈಲಿನ ಪರದೆಯ ಮೇಲೆ ಸಣ್ಣದೊಂದು ಚಕ್ರ ಸುತ್ತುತ್ತಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಅದು ಸುತ್ತುವಷ್ಟು ಹೊತ್ತೂ ನಾವು ಸುಮ್ಮನೆ ನೋಡುತ್ತ ಕುಳಿತಿರುತ್ತೇವೆ. ಬಹುಮಟ್ಟಿಗೆ ಒಂದೆರಡು ಕ್ಷಣಗಳಲ್ಲಿ ಅದು ಮರೆಯಾಗಿ, ಬೇಕಾದ ಸಂಗತಿ ಕಣ್ಣೆದುರು ಮೂಡುತ್ತದೆ. ಒಮ್ಮೊಮ್ಮೆ ಮೂಡುವುದಿಲ್ಲ. ಆ ಚಕ್ರದ ಹಿಂದೆ ನಡೆಯುವ ವ್ಯಾಪಾರವನ್ನು ಕುರಿತು, ಅದರಲ್ಲಿಯೂ ಮುಖ್ಯವಾಗಿ ಉತ್ತರ ಮೂಡದೆ ಹೋಗುವ ಆ ಒಮ್ಮೊಮ್ಮೆಯನ್ನು ಕುರಿತು, ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ.

ಇದು ಎಂಜಿನಿಯರರು ಮಾತ್ರ ತಿಳಿಯತಕ್ಕ ವಿಷಯವೆಂದು ನೀವು ಪುಟ ಮಗುಚಬಾರದು. ಈ ಮುಂಬಯಿಯಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ತಂದೆ ತಾಯಿಯರ ಪರವಾಗಿ ಫೋನನ್ನು ನಡೆಸುವವರು ಹೆಚ್ಚಾಗಿ ನೀವೇ. ಊರಿನಲ್ಲಿರುವ ಅಜ್ಜಿಗೆ ಮೂರು ಸಾವಿರ ರೂಪಾಯಿ ಕಳುಹಿಸಬೇಕಾದಾಗ ಗುಂಡಿಯೊತ್ತುವ ಬೆರಳು ಎಂಟನೆಯ ಅಥವಾ ಒಂಬತ್ತನೆಯ ಇಯತ್ತೆಯ ಮಗುವಿನದು. ಚಕ್ರ ಸುತ್ತಿ ಸುತ್ತಿ ನಿಂತು, ಇಂಗ್ಲಿಷಿನಲ್ಲಿ ಏನೋ ಒಂದು ವಾಕ್ಯ ಮೂಡಿತೆನ್ನಿ. "ಹೋಯಿತೇನು? ಇಲ್ಲವೇನು?" ಎಂದು ತಾಯಿ ಕೇಳುವುದು ನಿಮ್ಮನ್ನು. ಇಲ್ಲವೆಂದು ನೀವು ಹೇಳಿದರೆ ಮತ್ತೊಮ್ಮೆ ಕಳುಹಿಸೆನ್ನುವರು. ನಿಮ್ಮ "ಇಲ್ಲ" ನಿಜವಲ್ಲದಿದ್ದರೆ ಆ ತಿಂಗಳ ಕಿರಾಣಿಯ ಹಣವೂ ಊರಿಗೆ ಹೋಗಿ ಕುಳಿತಿತು! ಆದುದರಿಂದ ಈ ಪ್ರಶ್ನೆಗೆ ಉತ್ತರ ಹೇಳುವುದು ಏಕೆ ಕಷ್ಟವೆಂಬುದನ್ನು ನೀವು ಅರಿತಿರಬೇಕು.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಿ. ನಿಮ್ಮ ಕೈಯಲ್ಲಿರುವ ಫೋನಿಗೆ ತಾನಾಗಿ ತಿಳಿದಿರುವುದು ಅತ್ಯಲ್ಪ. ರೈಲು ಎಷ್ಟು ಗಂಟೆಗೆ ಬರುವುದೆಂಬುದಾಗಲಿ, ನಾಳೆ ಮಳೆಯುಂಟೋ ಇಲ್ಲವೋ ಎಂಬುದಾಗಲಿ, ಬ್ಯಾಂಕಿನಲ್ಲಿ ಎಷ್ಟು ಹಣ ಉಳಿದಿದೆಯೆಂಬುದಾಗಲಿ ಅದರ ಹೊಟ್ಟೆಯೊಳಗಿಲ್ಲ. ಅವೆಲ್ಲ ಬೇರೆ ಊರುಗಳಲ್ಲಿ, ಹಲವು ವೇಳೆ ಬೇರೆ ದೇಶಗಳಲ್ಲಿಯೇ, ಹಗಲಿರುಳೆನ್ನದೆ ಎಚ್ಚರವಾಗಿರುವ ದೊಡ್ಡ ಗಣಕಯಂತ್ರಗಳಲ್ಲಿವೆ. ಇವುಗಳಿಗೆ ಸರ್ವರುಗಳೆಂದು ಹೆಸರು. ಫೋನಿನಲ್ಲಿರುವ ಆ್ಯಪು ಸರ್ವರಿಗೆ ಒಂದು ಕೋರಿಕೆಯನ್ನು ಬರೆದು ಕಳುಹಿಸುತ್ತದೆ. ಸರ್ವರು ಅದನ್ನು ಓದಿ, ಕೆಲಸವಿದ್ದರೆ ನಡೆಸಿ, ಮರುತ್ತರ ಬರೆಯುತ್ತದೆ. ಒಂದು ಕೋರಿಕೆಗೆ ಒಂದು ಉತ್ತರ, ವ್ಯವಹಾರವೆಲ್ಲ ಇಷ್ಟೇ.

ಪತ್ರವೆಂದ ಮೇಲೆ ವಿಳಾಸ ಬೇಕು. ಗಣಕಗಳ ನಿಜವಾದ ವಿಳಾಸ ಅಂಕಿಗಳಲ್ಲಿರುತ್ತದೆ. ಮನುಷ್ಯರಿಗೆ ಅಂಕಿಗಳು ನೆನಪಿರುವುದಿಲ್ಲವಾದುದರಿಂದ ಹೆಸರುಗಳನ್ನಿಟ್ಟಿದ್ದಾರೆ. ಹೆಸರು ಕೊಟ್ಟರೆ ಅಂಕಿಯನ್ನು ಹುಡುಕಿಕೊಡುವ ಏರ್ಪಾಡನ್ನು ೧೯೮೩ ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ಅಮೆರಿಕದ ವಿಜ್ಞಾನಿ ರೂಪಿಸಿದರು. ಪತ್ರದ ಒಕ್ಕಣೆ ಹೇಗಿರಬೇಕೆಂಬುದನ್ನು ಗೊತ್ತುಮಾಡಿದವರು ಟಿಮ್ ಬರ್ನರ್ಸ್-ಲೀ. ಅವರು ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದಾಗ, ೧೯೮೯ ರಲ್ಲಿ, ವೆಬ್ಬಿನ ಯೋಜನೆಯನ್ನು ಮುಂದಿಟ್ಟರು. ಆ ಒಕ್ಕಣೆಯ ನಿಯಮಗಳಿಗೆ ಎಚ್‌ಟಿಟಿಪಿ ಎಂದು ಹೆಸರಾಯಿತು. ೧೯೯೧ ರ ಅದರ ಮೊದಲ ರೂಪದಲ್ಲಿ ಕೋರಿಕೆಯೆಂದರೆ ಒಂದೇ ಒಂದು ಸಾಲು. ಅದರ ಕ್ರಿಯಾಪದವೂ ಒಂದೇ: 'ಗೆಟ್', ಎಂದರೆ 'ಕೊಡು'. ೧೯೯೬ ರ ಹೊತ್ತಿಗೆ 'ಪೋಸ್ಟ್' ಸೇರಿತ್ತು. 'ಇದನ್ನು ತೆಗೆದುಕೊಂಡು ಕೆಲಸ ನಡೆಸು' ಎಂದು ಅದರ ತಾತ್ಪರ್ಯ. ಮರುವರ್ಷದ ಆವೃತ್ತಿಯಲ್ಲಿ 'ಪುಟ್', 'ಡಿಲೀಟ್' ಎಂಬುವೂ ಖಾಯಂ ಸ್ಥಾನ ಪಡೆದವು. ಅವುಗಳ ಅರ್ಥ 'ಇದನ್ನು ಇಲ್ಲಿಡು', 'ಇದನ್ನು ತೆಗೆದುಹಾಕು' ಎಂದು. ಈ ಕ್ರಿಯಾಪದಗಳನ್ನು ಮರೆಯಬೇಡಿ. ಮುಂದೆ ಇವುಗಳಿಂದ ಕೆಲಸವಿದೆ.

ಮರುತ್ತರದ ನೆತ್ತಿಯ ಮೇಲೆ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. ೨೦೦ ಎಂದರೆ ಎಲ್ಲವೂ ಸರಿ. ೪೦೧ ಎಂದರೆ ನೀವಾರೆಂಬುದು ರುಜುವಾತಾಗಿಲ್ಲ. ೪೦೪ ಎಂದರೆ ನೀವು ಕೇಳಿದುದು ಇಲ್ಲಿಲ್ಲ. ೫೦೩ ಎಂದರೆ ಸದ್ಯಕ್ಕೆ ನಮ್ಮಿಂದಾಗದು. ಸ್ವಾರಸ್ಯವಿರುವುದು ಮೊದಲ ಅಂಕಿಯಲ್ಲಿ. ಅದು ೪ ಆಗಿದ್ದರೆ ದೋಷ ಕೇಳಿದವನದು. ೫ ಆಗಿದ್ದರೆ ಸೋತವನು ಉತ್ತರ ಕೊಡಬೇಕಾದವನು. ತಪ್ಪು ತನ್ನದೆಂದು ಇಷ್ಟು ಚೊಕ್ಕವಾಗಿ ಮೊದಲ ಸಾಲಿನಲ್ಲಿಯೇ ಒಪ್ಪಿಕೊಳ್ಳುವ ಕಚೇರಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇನ್ನು ಪ್ರಯಾಣದ ಮಾತು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಓಡುತ್ತದೆ. ಸರ್ವರು ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದರೆ ಮುಂಬಯಿಯಿಂದ ಅಲ್ಲಿಗೆ ೧೨ ಸಾವಿರ ಕಿಲೋಮೀಟರಿಗೆ ಕಡಮೆಯಿಲ್ಲ. ಹೋಗಿ ಬರಲು ೨೪ ಸಾವಿರ. ಭಾಗಿಸಿ ನೋಡಿದರೆ ಸೆಕೆಂಡಿನ ನೂರರಲ್ಲಿ ಹನ್ನೆರಡು ಪಾಲು. ಇದು ಬೆಳಕಿನ ವೇಗ. ಯಾವ ಹಣವಂತನೂ ಇದನ್ನು ಹೆಚ್ಚಿಸಲಾರ. ಆದರೆ ಒಂದೇ ಸುತ್ತಿನಲ್ಲಿ ಕೆಲಸ ಮುಗಿಯುವುದಿಲ್ಲ. ಮೊದಲ ಸುತ್ತು "ಇದ್ದೀರಾ?" "ಇದ್ದೇವೆ" ಎಂಬ ಮಾತಿಗೆ ಹೋಗುತ್ತದೆ. ನಡುವಿನವರು ಯಾರೂ ಪತ್ರವನ್ನು ಓದದಂತೆ ಗುಟ್ಟಿನ ಮುದ್ರೆಯೊಂದನ್ನು ಇಬ್ಬರೂ ಗೊತ್ತುಮಾಡಿಕೊಳ್ಳುವುದಕ್ಕೆ ಎರಡನೆಯ ಸುತ್ತು. ೨೦೧೮ ರ ಸುಧಾರಣೆಗೆ ಮುನ್ನ ಈ ಮುದ್ರೆಯ ಕೆಲಸವೇ ಎರಡು ಸುತ್ತುಗಳನ್ನು ನುಂಗುತ್ತಿತ್ತು. ನಿಜವಾದ ಪತ್ರ ಹೋಗುವುದು ಮೂರನೆಯ ಸುತ್ತಿನಲ್ಲಿ. ಆದುದರಿಂದಲೇ, ಒಂದೇ ಸ್ಥಳಕ್ಕೆ ದಿನವೂ ಸಾವಿರಾರು ಪತ್ರಗಳನ್ನು ಬರೆಯಬೇಕಾದ ಗಣಕವು ಒಮ್ಮೆ ತೆರೆದ ಬಾಗಿಲನ್ನು ಮುಚ್ಚದೆ, ಮುಂದಿನ ಪತ್ರಗಳನ್ನೂ ಅದೇ ಬಾಗಿಲಿನಿಂದ ಕಳುಹಿಸುತ್ತದೆ.

ಫೋನಿಗೆ ಈ ಭಾಗ್ಯವಿಲ್ಲ. ಅದು ಒಡೆಯನ ಜೇಬಿನಲ್ಲಿ ಅಲೆಯುವ ಪ್ರಾಣಿ. ರಜೆಗೆ ಕಲಬುರಗಿಯ ಕಡೆಗೆ ರೈಲಿನಲ್ಲಿ ಹೋಗುವಾಗ ಕರ್ಜತ್ ದಾಟಿ ಘಟ್ಟವೇರುತ್ತಲೇ ಒಂದರ ಹಿಂದೊಂದು ಸುರಂಗ. ಕೋರಿಕೆ ಸುರಂಗದ ಈಚೆಗೆ ಹೊರಟರೆ ಉತ್ತರ ಬರುವ ಹೊತ್ತಿಗೆ ನಾವು ಕತ್ತಲೆಯಲ್ಲಿರುತ್ತೇವೆ. ಇದಕ್ಕಾಗಿ ಫೋನಿನ ಆ್ಯಪು ಕಾಯುವುದನ್ನು ಚೆನ್ನಾಗಿ ಕಲಿತಿರಬೇಕು. ಆ್ಯಪಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳನ್ನು ಎಳೆಗಳೆನ್ನುವರು. ಅವುಗಳಲ್ಲಿ ಮುಖ್ಯ ಎಳೆಯೊಂದು ಪರದೆಯನ್ನೂ ನಿಮ್ಮ ಬೆರಳನ್ನೂ ನೋಡಿಕೊಳ್ಳುತ್ತದೆ. ಅದೇ ಹೋಗಿ ಉತ್ತರಕ್ಕಾಗಿ ಬಾಗಿಲಲ್ಲಿ ನಿಂತುಬಿಟ್ಟರೆ ಫೋನು ಕಲ್ಲಾದಂತೆ ಕಾಣುತ್ತದೆ. ೨೦೧೧ ರ ಆಂಡ್ರಾಯ್ಡ್ ಆವೃತ್ತಿಯಿಂದೀಚೆಗೆ, ಮುಖ್ಯ ಎಳೆಯನ್ನು ಹೀಗೆ ಪತ್ರದ ಕೆಲಸಕ್ಕೆ ಅಟ್ಟುವ ಆ್ಯಪನ್ನು ಅಲ್ಲಿಯೇ ತಡೆದುಬಿಡುವ ನಿಯಮವಿದೆ. ಟಪಾಲಿನ ಕೆಲಸ ಬೇರೊಂದು ಎಳೆಗೆ. ಮುಖ್ಯ ಎಳೆ ಮನೆಯಲ್ಲಿದ್ದು ಚಕ್ರ ಸುತ್ತಿಸುತ್ತದೆ. ಇದರಿಂದ ತಿಳಿಯುವುದೇನು? ಚಕ್ರ ಸುತ್ತುತ್ತಿದೆಯೆಂದರೆ ನಿಮ್ಮ ಕೆಲಸ ಆಚೆ ದಡದಲ್ಲಿ ಸಾಗುತ್ತಿದೆಯೆಂದಲ್ಲ. ಫೋನು ಕಾಯುತ್ತಿದೆ, ಅಷ್ಟೆ.

ಫೋನು ನೇರವಾಗಿ ಬ್ಯಾಂಕಿನ ಸರ್ವರಿಗೋ, ನಕಾಶೆಯ ಸರ್ವರಿಗೋ ಬರೆಯಬಾರದೇಕೆ ಎಂದು ನೀವು ಕೇಳಬಹುದು. ಅಂಥ ಸೇವೆಗಳು ತಮ್ಮ ಗಿರಾಕಿಯನ್ನು ಗುರುತಿಸಲು ಗುಟ್ಟಿನ ಕೀಲಿಯೊಂದನ್ನು ಕೇಳುತ್ತವೆ. ಆ ಕೀಲಿಯನ್ನು ಆ್ಯಪಿನೊಳಗೆ ಅಡಗಿಸಿಟ್ಟರೆ, ಲಕ್ಷಾಂತರ ಫೋನುಗಳಲ್ಲಿ ಅದರ ಪ್ರತಿಗಳು ಹರಡುತ್ತವೆ. ಅವುಗಳಲ್ಲೊಂದನ್ನು ಬಿಚ್ಚಿ ಕೀಲಿಯನ್ನು ಹೊರತೆಗೆಯುವ ಜಾಣನೊಬ್ಬ ಎಲ್ಲಿಯಾದರೂ ಇದ್ದೇ ಇರುವನು. ಆದಕಾರಣ ಆ್ಯಪಿನ ಒಡೆಯರು ತಮ್ಮದೇ ಆದ ಸರ್ವರೊಂದನ್ನು ನಡುವೆ ನಿಲ್ಲಿಸಿ ಕೀಲಿಗಳನ್ನು ಅದರ ವಶದಲ್ಲಿಡುತ್ತಾರೆ. ಇದಕ್ಕೆ ಬ್ಯಾಕೆಂಡ್ ಎನ್ನುವರು, ನಾವು ಹಿಂಬದಿಯೆನ್ನೋಣ. ಫೋನು ಹಿಂಬದಿಗೆ ಬರೆಯುತ್ತದೆ, ಹಿಂಬದಿ ಉಳಿದವರಿಗೆ ಬರೆಯುತ್ತದೆ. ಪ್ರತಿಯೊಬ್ಬರೂ ಉತ್ತರಕ್ಕೆ ಒಂದು ಗಡುವನ್ನಿಟ್ಟುಕೊಂಡಿರುತ್ತಾರೆ. ಈ ಗಡುವುಗಳು ಒಂದಕ್ಕೊಂದು ಹೊಂದಿರಬೇಕೆಂಬುದು ಜಾಣತನದ ಮಾತು: ಫೋನು ಹತ್ತು ಸೆಕೆಂಡು ಮಾತ್ರ ಕಾಯುವುದಾದರೆ, ಅದರ ಸಲುವಾಗಿ ಹಿಂಬದಿಯು ಬೇರೊಬ್ಬರ ಬಾಗಿಲಲ್ಲಿ ಮೂವತ್ತು ಸೆಕೆಂಡು ನಿಂತು ಸಾಧಿಸುವುದೇನು? ಕೇಳಿದವನು ಆಗಲೇ ಎದ್ದುಹೋಗಿರುತ್ತಾನೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಗಡುವು ಮೀರಿತು, ಉತ್ತರ ಬರಲಿಲ್ಲ. ಏನಾಗಿರಬಹುದು? ಕೋರಿಕೆಯೇ ಹಾದಿಯಲ್ಲಿ ಕಳೆದುಹೋಗಿರಬಹುದು. ಅಥವಾ ಕೋರಿಕೆ ಮುಟ್ಟಿ, ಸರ್ವರು ಅರ್ಧ ಕೆಲಸದಲ್ಲಿ ಕುಸಿದಿರಬಹುದು. ಇಲ್ಲವೆ ಕೆಲಸವೆಲ್ಲ ಸಾಂಗವಾಗಿ ಮುಗಿದು, "ಆಯಿತು" ಎಂಬ ಮರುತ್ತರ ಮಾತ್ರ ಹಿಂದಿರುಗುವ ಹಾದಿಯಲ್ಲಿ ಕಳೆದಿರಬಹುದು. ಈಚೆ ದಡದಲ್ಲಿ ಕುಳಿತವನಿಗೆ ಈ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ. ಮೌನವಲ್ಲದೆ ಬೇರೇನೂ ಕೇಳಿಸದು. ನಾವು ಆ ಮೌನವನ್ನು ಕೂಡಲೆ "ಇಲ್ಲ" ಎಂದು ಓದುತ್ತೇವೆ. ಎಡವಟ್ಟಾಗುವುದು ಅಲ್ಲಿ.

ಹಾಗಾದರೆ, ಮರುತ್ತರ ಮುಟ್ಟಿತೆಂಬುದಕ್ಕೆ ಇನ್ನೊಂದು ಮರುತ್ತರವನ್ನು ತರಿಸಿದರಾಗದೆ? ಆಗದು. ಇದನ್ನು ೧೯೭೫ ರಲ್ಲಿ ಅಕ್ಕೊಯುನ್ಲು, ಏಕನಾಥಂ, ಹ್ಯೂಬರ್ ಎಂಬ ಮೂವರು ಒಂದು ಪ್ರಬಂಧದಲ್ಲಿ ತೋರಿಸಿಕೊಟ್ಟರು. ಮೂರು ವರ್ಷಗಳ ತರುವಾಯ ಜಿಮ್ ಗ್ರೇ ಎಂಬ ಪಂಡಿತರು ಇದಕ್ಕೆ ಇಬ್ಬರು ದಂಡನಾಯಕರ ಸಮಸ್ಯೆಯೆಂದು ಹೆಸರಿಟ್ಟರು. ಕಥೆ ಹೀಗಿದೆ: ಕಣಿವೆಯಲ್ಲೊಂದು ಶತ್ರುಸೇನೆ, ಎಡಬಲದ ಬೆಟ್ಟಗಳ ಮೇಲೆ ಒಂದೇ ಪಕ್ಷದ ಇಬ್ಬರು ದಂಡನಾಯಕರು. ಇಬ್ಬರೂ ಒಟ್ಟಿಗೆ ಇಳಿದರೆ ಜಯ. ಒಬ್ಬನೇ ಇಳಿದರೆ ಸರ್ವನಾಶ. ದೂತನು ಕಣಿವೆಯನ್ನು ಹಾದೇ ಹೋಗಬೇಕು; ನಡುವೆ ಸಿಕ್ಕಿಬೀಳುವ ಸಂಭವವುಂಟು. ಮೊದಲನೆಯವನು "ನಾಳೆ ಮುಂಜಾವಿಗೆ" ಎಂದು ಹೇಳಿ ಕಳುಹಿಸುತ್ತಾನೆ. ಎರಡನೆಯವನು "ಒಪ್ಪಿಗೆ" ಎನ್ನುತ್ತಾನೆ. ಆದರೆ ತನ್ನ ಒಪ್ಪಿಗೆ ಮುಟ್ಟಿತೋ ಇಲ್ಲವೋ ಎಂದು ಅವನಿಗೆ ಸಂಶಯ. ಮುಟ್ಟದಿದ್ದರೆ ಮೊದಲನೆಯವನು ಇಳಿಯಲಾರ. ಆದುದರಿಂದ "ನಿಮ್ಮ ಒಪ್ಪಿಗೆ ಮುಟ್ಟಿತು" ಎಂಬ ಮೂರನೆಯ ದೂತ ಬೇಕು. ಅವನು ಮುಟ್ಟಿದನೆಂಬುದಕ್ಕೆ ನಾಲ್ಕನೆಯವನು. ಎಷ್ಟು ದೂತರನ್ನು ಅಟ್ಟಿದರೂ ಕಡೆಯವನು ತಲುಪಿದನೆಂಬ ನೆಚ್ಚಿಕೆ ಅವನನ್ನು ಕಳುಹಿಸಿದವನಿಗಿಲ್ಲ. ಹಾದಿ ನೆಚ್ಚತಕ್ಕದ್ದಲ್ಲದಿದ್ದರೆ ಇಬ್ಬರಿಗೂ ಪೂರ್ಣ ನಿಶ್ಚಯವೆಂಬುದು ಸಾಧ್ಯವೇ ಇಲ್ಲ. ಇದು ಯಂತ್ರದ ಕೊರತೆಯಲ್ಲ. ತರ್ಕದಿಂದ ಸಿದ್ಧವಾದ ಮಾತು. ಯೋಚಿಸಿದಷ್ಟೂ ನನಗಿದು ಸೋಜಿಗವೆನಿಸುತ್ತದೆ.

ನಿಶ್ಚಯ ದೊರೆಯದಿದ್ದರೂ ಲೋಕದ ವ್ಯವಹಾರ ನಿಂತಿಲ್ಲವಷ್ಟೆ. ಅದಕ್ಕೆ ಬೇರೊಂದು ಉಪಾಯವಿದೆ: ಅದೇ ಕೋರಿಕೆ ಎರಡು ಸಲ ಮುಟ್ಟಿದರೂ ಕೆಲಸ ಒಂದೇ ಸಲ ಆಗುವಂತೆ ಮಾಡುವುದು. ಹಾಗಾದರೆ ಸಂಶಯ ಬಂದಾಗಲೆಲ್ಲ ನಿಶ್ಚಿಂತೆಯಿಂದ ಮತ್ತೊಮ್ಮೆ ಕಳುಹಿಸಬಹುದು.

ಕೆಲವು ಕೋರಿಕೆಗಳು ಸ್ವಭಾವದಿಂದಲೇ ಅಂಥವು. ವರ್ಗದ ಹಾಜರಿಯನ್ನು ತೆಗೆದುಕೊಳ್ಳಿ. "ಹದಿನೇಳನೆಯ ಕ್ರಮಾಂಕದವನು ಹಾಜರು ಎಂದು ಬರೆಯಿರಿ" ಎಂದು ನಾನು ಮೂರು ಸಲ ಹೇಳಿದರೂ ಪುಸ್ತಕದಲ್ಲಿ ಅವನು ಒಂದೇ ಸಲ ಹಾಜರು. ಆದರೆ "ಹಾಜರಾದವರ ಸಂಖ್ಯೆಗೆ ಒಂದು ಕೂಡಿಸಿರಿ" ಎಂದು ಮೂರು ಸಲ ಹೇಳಿದರೆ ಇಲ್ಲದ ಇಬ್ಬರು ಹುಡುಗರು ಹುಟ್ಟಿಕೊಳ್ಳುತ್ತಾರೆ. ಮೊದಲನೆಯ ಬಗೆಗೆ ಐಡೆಂಪೊಟೆಂಟ್ ಎಂದು ಹೆಸರು. ಈ ಪದವನ್ನು ೧೮೭೦ ರಲ್ಲಿ ಅಮೆರಿಕದ ಗಣಿತಜ್ಞ ಬೆಂಜಮಿನ್ ಪಿಯರ್ಸ್ ಬೀಜಗಣಿತಕ್ಕಾಗಿ ಕಟ್ಟಿದರು. ನೂರಿಪ್ಪತ್ತೇಳು ವರ್ಷಗಳ ಮೇಲೆ, ೧೯೯೭ ರ ಎಚ್‌ಟಿಟಿಪಿ ನಿಯಮಗಳಲ್ಲಿ ಅದು ಬಂದು ಕುಳಿತಿತು. ಅದರಂತೆ 'ಗೆಟ್', 'ಪುಟ್', 'ಡಿಲೀಟ್' ಇವನ್ನು ಎಷ್ಟು ಸಲವಾದರೂ ಕಳುಹಿಸಬಹುದು. 'ಪೋಸ್ಟ್' ಮಾತ್ರ ಹಾಗಲ್ಲ. ಹಣ ಕೊಡುವುದು, ಟಿಕೀಟು ಕಾದಿರಿಸುವುದು, ಸರಕು ತರಿಸುವುದು ಇವೆಲ್ಲ ಸಾಮಾನ್ಯವಾಗಿ ಈ 'ಪೋಸ್ಟ್' ಕೋರಿಕೆಗಳೇ ಎಂಬುದು ನಮ್ಮ ದುರ್ದೈವ.

ಇದಕ್ಕೆ ಕಂಡುಕೊಂಡ ಪರಿಹಾರವನ್ನು ನಿಮ್ಮ ಅಜ್ಜಂದಿರ ಕಾಲದ ಮನಿಆರ್ಡರಿನಿಂದ ತಿಳಿಯುವುದು ಸುಲಭ. ಇಲ್ಲಿಯ ಗಿರಣಿಗಳಲ್ಲಿಯೂ ಹೊಟೇಲುಗಳಲ್ಲಿಯೂ ದುಡಿಯುತ್ತಿದ್ದವರು ಅಂಚೆಕಚೇರಿಯಲ್ಲಿ ಹಣ ಕಟ್ಟಿ, ಸಂಖ್ಯೆಯುಳ್ಳ ರಸೀದಿಯನ್ನು ಪಡೆಯುತ್ತಿದ್ದರು. ಊರಿನಲ್ಲಿ ಹಣ ಬಟವಾಡೆಯಾದ ಮೇಲೆ, ಪಡೆದವರ ರುಜು ಅಥವಾ ಹೆಬ್ಬೆಟ್ಟಿನ ಗುರುತುಳ್ಳ ಚೀಟಿ ಇವರಿಗೆ ಹಿಂದಿರುಗುತ್ತಿತ್ತು. ಚೀಟಿ ಬಾರದಿದ್ದರೆ ಯಾರೂ ಒಡನೆಯೇ ಇನ್ನೊಂದು ಮನಿಆರ್ಡರು ಮಾಡುತ್ತಿರಲಿಲ್ಲ. ರಸೀದಿಯ ಸಂಖ್ಯೆಯನ್ನು ಹಿಡಿದು ಅಂಚೆಕಚೇರಿಯಲ್ಲಿ ವಿಚಾರಿಸುತ್ತಿದ್ದರು. ಇಂದಿನ ಗಣಕಗಳು ಮಾಡುವುದೂ ಇದನ್ನೇ. ಕೋರಿಕೆಯನ್ನು ಕಳುಹಿಸುವ ಮುನ್ನವೇ ಕಳುಹಿಸುವವನು ಅದಕ್ಕೆ, ಬೇರೆ ಯಾವ ಕೋರಿಕೆಗೂ ಇರದ ಒಂದು ಸಂಖ್ಯೆಯನ್ನು ಕೊಡುತ್ತಾನೆ. ಉತ್ತರ ಬಾರದಿದ್ದರೆ ಅದೇ ಸಂಖ್ಯೆಯೊಡನೆ ಅದನ್ನೇ ಮರಳಿ ಕಳುಹಿಸುತ್ತಾನೆ. ಸರ್ವರು ಮೊದಲು ತನ್ನ ದಫ್ತರವನ್ನು ನೋಡುತ್ತದೆ. ಸಂಖ್ಯೆ ಅಲ್ಲಿದ್ದರೆ ಕೆಲಸವನ್ನು ಮತ್ತೆ ಮಾಡದೆ ಹಿಂದಿನ ಉತ್ತರದ ಪ್ರತಿಯನ್ನೇ ಕೊಡುತ್ತದೆ. ಇಲ್ಲದಿದ್ದರೆ ಈಗ ಮಾಡುತ್ತದೆ. ಸಂಖ್ಯೆಯನ್ನು ಕೊಡತಕ್ಕವನು ಕಳುಹಿಸುವವನೇ ಆಗಿರಬೇಕೆಂಬುದನ್ನು ಗಮನಿಸಿರಿ. ಸರ್ವರು ಕೊಡುವುದಾದರೆ ಆ ಸಂಖ್ಯೆಯೂ ಕಳೆದುಹೋದ ಮರುತ್ತರದೊಡನೆಯೇ ಕಳೆದುಹೋಗುತ್ತಿತ್ತು.

ಮರಳಿ ಕಳುಹಿಸುವುದರಲ್ಲಿಯೂ ಒಂದು ಮರ್ಯಾದೆಯುಂಟು. ಅದರ ಮೂಲ ಹವಾಯಿ ದ್ವೀಪಗಳಲ್ಲಿದೆ. ಅಲ್ಲಿಯ ವಿಶ್ವವಿದ್ಯಾಲಯದ ನಾರ್ಮನ್ ಏಬ್ರಮ್ಸನ್ ಮತ್ತು ಸಂಗಡಿಗರು ೧೯೭೧ ರಲ್ಲಿ ದ್ವೀಪಗಳ ಗಣಕಗಳನ್ನು ರೇಡಿಯೋ ಮೂಲಕ ಜೋಡಿಸಿದರು. ಇಬ್ಬರು ಒಟ್ಟಿಗೆ ಮಾತನಾಡಿದರೆ ಎರಡೂ ಮಾತು ಕೆಡುತ್ತಿದ್ದುವು. ಇಬ್ಬರೂ ತಟ್ಟನೆ ಮತ್ತೆ ಆರಂಭಿಸಿದರೆ ಮತ್ತೆ ಡಿಕ್ಕಿ. ಆದುದರಿಂದ ಪ್ರತಿಯೊಬ್ಬನೂ ಮನಬಂದಷ್ಟು ಹೊತ್ತು ತಡೆದು ಮಾತನಾಡತಕ್ಕದ್ದೆಂದು ಗೊತ್ತುಮಾಡಿದರು. ೧೯೭೬ ರಲ್ಲಿ ಈಥರ್ನೆಟ್ಟನ್ನು ವರ್ಣಿಸಿದ ಮೆಟ್ಕಾಫ್ ಮತ್ತು ಬಾಗ್ಸ್ ಇದಕ್ಕೆ ಇನ್ನೊಂದನ್ನು ಸೇರಿಸಿದರು: ಡಿಕ್ಕಿಯಾದಂತೆಲ್ಲ ತಡೆಯುವ ಅವಧಿಯನ್ನು ಇಮ್ಮಡಿಗೊಳಿಸುತ್ತ ಹೋಗುವುದು. ಇಂದಿಗೂ ಒಳ್ಳೆಯ ಆ್ಯಪುಗಳು ಒಂದು ಸೆಕೆಂಡು, ಎರಡು, ನಾಲ್ಕು, ಎಂಟು ಎಂದು ತಡೆದು, ಅದರಲ್ಲಿಯೂ ಒಂದಿಷ್ಟು ಹೆಚ್ಚುಕಡಮೆ ಮಾಡಿ, ನಾಲ್ಕಾರು ಸಲ ಯತ್ನಿಸಿ ಸುಮ್ಮನಾಗುತ್ತವೆ. ತತ್ಕಾಲ್ ಟಿಕೀಟಿನ ಬಾಗಿಲು ಬೆಳಗಿನ ಹತ್ತು ಗಂಟೆಗೆ ತೆರೆದಾಗ ದೇಶದ ಬೆರಳುಗಳೆಲ್ಲ ಒಂದೇ ಕ್ಷಣದಲ್ಲಿ ಗುಂಡಿಯೊತ್ತುವುದನ್ನು ನೀವು ಬಲ್ಲಿರಿ. ಉತ್ತರ ತಡವಾಯಿತೆಂದು ಎಲ್ಲರೂ ಒಂದನ್ನು ಹತ್ತು ಮಾಡಿದರೆ, ಬಳಲಿದ ಸರ್ವರಿನ ಬೆನ್ನ ಮೇಲೆ ಹತ್ತುಪಟ್ಟು ಹೊರೆ. ಅಂಥವರಿಗೆಂದೇ ೨೦೧೨ ರಲ್ಲಿ ೪೨೯ ಎಂಬ ಉತ್ತರಸಂಖ್ಯೆಯನ್ನು ನಿಯಮಗಳಿಗೆ ಸೇರಿಸಿದರು. 'ಬಹಳ ಕೇಳಿದಿರಿ' ಎಂದು ಅದರ ಅರ್ಥ. ಎಷ್ಟು ಹೊತ್ತಿನ ಮೇಲೆ ಬರಬೇಕೆಂಬುದನ್ನೂ ಸರ್ವರು ಅದರೊಡನೆ ತಿಳಿಸಬಹುದು.

ಕಡೆಯದಾಗಿ, ಅಜ್ಜಿಯ ಮೂರು ಸಾವಿರ ರೂಪಾಯಿ. ಫೋನಿನಿಂದ ಹಣ ಕಳುಹಿಸುವ ಯುಪಿಐ ಎಂಬ ಏರ್ಪಾಡು ೨೦೧೬ ರ ಏಪ್ರಿಲ್ ೧೧ ರಂದು ಈ ಮುಂಬಯಿಯಲ್ಲಿಯೇ ಉದ್ಘಾಟನೆಯಾಯಿತು. ಅದನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ಮುಖ್ಯ ಕಚೇರಿಯೂ ಇಲ್ಲಿಯದೇ. ನೀವು ಗುಂಡಿಯೊತ್ತಿದಾಗ ಕೋರಿಕೆಯು ಆ್ಯಪಿನಿಂದ ಹಿಂಬದಿಗೆ, ಅಲ್ಲಿಂದ ಎನ್‌ಪಿಸಿಐಗೆ ಹೋಗುತ್ತದೆ. ಎನ್‌ಪಿಸಿಐ ನಿಮ್ಮ ತಂದೆಯ ಬ್ಯಾಂಕಿಗೆ "ಖಾತೆಯಿಂದ ತೆಗೆಯಿರಿ" ಎಂದೂ, ಉತ್ತರ ಬಂದ ಮೇಲೆ ಅಜ್ಜಿಯ ಬ್ಯಾಂಕಿಗೆ "ಖಾತೆಗೆ ಸೇರಿಸಿರಿ" ಎಂದೂ ಬರೆಯುತ್ತದೆ. ಇವುಗಳಲ್ಲಿ ಯಾವ ಉತ್ತರವಾದರೂ ತಡವಾಗಬಹುದು, ಕಳೆದುಹೋಗಬಹುದು. ಆಗ ಪರದೆಯ ಮೇಲೆ ಯಶಸ್ಸೂ ಅಲ್ಲದೆ ವಿಫಲವೂ ಅಲ್ಲದೆ 'ಪೆಂಡಿಂಗ್' ಎಂಬ ಮೂರನೆಯ ಮಾತು ಮೂಡುತ್ತದೆ. ಇದನ್ನು ವಿಫಲವೆಂದು ಓದಬಾರದು. "ನಮಗೂ ಇನ್ನೂ ತಿಳಿದಿಲ್ಲ" ಎಂದು ಯಂತ್ರವು ಹೇಳುವ ಸತ್ಯವಾಕ್ಯ ಅದು.

ಇಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರವು ತಾನಾಗಿ ಮರಳಿ ಕಳುಹಿಸುವಾಗ ಹಳೆಯ ಸಂಖ್ಯೆಯನ್ನೇ ಬಳಸಬಲ್ಲದು. ನೀವು ಹಿಂದಕ್ಕೆ ಹೋಗಿ, ಮತ್ತೆ ೩೦೦೦ ಎಂದು ಬರೆದು, ಮತ್ತೆ ಗುಪ್ತಾಂಕವನ್ನೊತ್ತಿದರೆ ಅದು ಹೊಸ ಸಂಖ್ಯೆಯ ಹೊಸ ಕೋರಿಕೆ. ಮೊದಲನೆಯದರ ನಕಲೆಂದು ಯಾವ ದಫ್ತರವೂ ಅದನ್ನು ಗುರುತಿಸದು. ಆದುದರಿಂದ ತಾಯಿಯವರಿಗೆ ನೀವು ಹೇಳಬೇಕಾದ ಉತ್ತರ "ಹೋಯಿತು" ಎಂದೂ ಅಲ್ಲ, "ಇಲ್ಲ" ಎಂದೂ ಅಲ್ಲ. "ಇನ್ನೂ ಗೊತ್ತಾಗಿಲ್ಲ, ಈಗ ಮತ್ತೆ ಕಳುಹಿಸುವುದು ಬೇಡ" ಎಂದು. ಆ ವ್ಯವಹಾರದ ಹನ್ನೆರಡಂಕಿಯ ಉಲ್ಲೇಖಸಂಖ್ಯೆಯನ್ನು ಒಂದು ಕಾಗದದ ಮೇಲೆ ಬರೆದಿಡಿ. ಖಾತೆಯಿಂದ ಹಣ ಕಳೆದಿದೆಯೋ ಎಂದು ಬ್ಯಾಂಕಿನ ಲೆಕ್ಕದಲ್ಲಿ ನೋಡಿ. ಅಜ್ಜಿಯ ಕಡೆಯವರನ್ನು ಫೋನಿನಲ್ಲಿ ವಿಚಾರಿಸಿ. ರಿಸರ್ವ್ ಬ್ಯಾಂಕು ೨೦೧೯ ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮದಂತೆ, ಒಬ್ಬರ ಖಾತೆಯಿಂದ ಹೋಗಿ ಇನ್ನೊಬ್ಬರ ಖಾತೆಗೆ ಸೇರಲಾರದ ಯುಪಿಐ ಹಣವನ್ನು ಮರುದಿನದೊಳಗಾಗಿ ಹಿಂದಿರುಗಿಸತಕ್ಕದ್ದು. ಅದು ಮೀರಿದರೆ ತಡವಾದ ಒಂದೊಂದು ದಿನಕ್ಕೂ ೧೦೦ ರೂಪಾಯಿ ಪರಿಹಾರ ಸಲ್ಲಬೇಕು. ಅಂಗಡಿಯವರಿಗೆ ಕೊಟ್ಟ ಹಣವಾದರೆ ಗಡುವು ಐದು ದಿನ. ಬ್ಯಾಂಕಿನವರು ಮೊದಲು ಕೇಳುವುದು ಆ ಹನ್ನೆರಡಂಕಿಗಳನ್ನೇ.